ಮಡಕೆ ಸಂತೆಯ ಶಿಷ್ಟಾಚಾರ

ಸೀರೆ ಮೇಳಕ್ಕೆ ಹೋಗುವವರಿಗೆ ದುಡ್ಡಿದ್ದರೆ ಸಾಕು, ಪುಸ್ತಕ ಮೇಳಕ್ಕೆ ಭುಜ ಗಟ್ಟಿಯಿದ್ದರೆ ಸಾಕು, ಮಾವಿನ ಮೇಳಕ್ಕೆ ಮೂಗು ಚುರುಕಾಗಿದ್ದರೆ ಆಯಿತು. ಮಡಕೆ ಕುಡಿಕೆಗಳ ಮೇಳಕ್ಕೆ ಹೋಗುವವರು ಮಾತ್ರ ಇಡೀ ಮೈಯನ್ನು ಹತೋಟಿಯಲ್ಲಿಟ್ಟುಕೊಂಡು ಹೋಗಬೇಕು. ಹೆಗಲ ಚೀಲ ಎದೆಯ ಮುಂದಕ್ಕೆ ಬರಬೇಕು, ಸೆರಗು ಸೊಂಟ ಸೇರಬೇಕು, ಮಕ್ಕಳ ಕೈ ಹಿಡಿದಿರಬೇಕು. ಮಾತಾಡುವಾಗ ಕೈ ಬೀಸುವ ಅಭ್ಯಾಸವಿರುವ ಗಂಡನಿದ್ದರೆ ಅವರ ಕೈಯನ್ನೂ. ಸಿಟಿ ಬಸ್ಸಿನಲ್ಲಿ ಮೊಣಕೈಯಿಂದಲೇ ದಾರಿ ಬಿಡಿಸಿಕೊಂಡು ಬಂದ ಜನ ಇಲ್ಲಿ ಪಿಂಗಾಣಿ ಹೂದಾನಿಗಳ ಸಾಲಿನ ನಡುವೆ "ನೀವು ಮೊದಲು ಹೋಗಿ", "ಇಲ್ಲ ಇಲ್ಲ, ನೀವೇ ಬನ್ನಿ" ಎಂದು ಉಪಚಾರ ಮಾಡುತ್ತ ನಿಲ್ಲುತ್ತಾರೆ. ಸರ್ಕಾರಿ ಕಚೇರಿಗಳ ಕೌಂಟರಿನ ಮುಂದೆ ಎರಡೆರಡು ದುಬಾರಿ ಹೂಜಿ ಇಟ್ಟುಬಿಟ್ಟರೆ ಕ್ಯೂ ತಾನಾಗಿ ನೆಟ್ಟಗಾಗುತ್ತದೆ ಎನ್ನುವುದು ನಮ್ಮನೆಯವರ ಸಿದ್ಧಾಂತ.

ಇಂಥ ಮೇಳ ಎಲ್ಲೋ ನಡೆಯುತ್ತಿದೆ ಎಂದು ಕಿವಿಗೆ ಬಿದ್ದರೆ ನನ್ನ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ. ಬೆಂಗಳೂರಿನಲ್ಲಿ ಇವಕ್ಕೆ ಬರವೂ ಇಲ್ಲ. ಚಿತ್ರಕಲಾ ಪರಿಷತ್ತಿನ ಅಂಗಳದಲ್ಲಿ ಕರಕುಶಲ ಮೇಳ ಬಂತೆಂದರೆ ಭಾರತದ ಅರ್ಧ ಭೂಪಟ ಮಣ್ಣಿನ ರೂಪದಲ್ಲೇ ಬಂದು ಕೂತಿರುತ್ತದೆ. ಉತ್ತರ ಪ್ರದೇಶದ ಖುರ್ಜಾದ ಹೂಬಳ್ಳಿ ಬಿಡಿಸಿದ ಕಪ್ಪು ಬಸಿಗಳು, ರಾಜಸ್ಥಾನದ ಮೊಲೇಲಾದ ಹಲಗೆಗಳ ಮೇಲೆ ಉಬ್ಬಿ ನಿಂತ ಮಣ್ಣಿನ ದೇವರುಗಳು, ಬಂಗಾಳದ ಬಾಂಕುಡಾ ಕಡೆಯ, ಕಿವಿ ನಿಮಿರಿಸಿ ನಿಂತ ಕೆಂಪು ಕುದುರೆಗಳು. ಮಣಿಪುರದ ಲೋಂಗ್‌ಪಿಯಿಂದ ಬಂದ ಕರಿಯ ಪಾತ್ರೆಗಳಿಗೆ ತಿಗರಿಯ ಸಂಪರ್ಕವೇ ಇಲ್ಲ. ಕಲ್ಲಿನ ಪುಡಿಗೆ ಮಣ್ಣು ಬೆರೆಸಿ, ನಾದಿ, ಕೈಯಲ್ಲೇ ತಟ್ಟಿ ಎಬ್ಬಿಸುತ್ತಾರೆ. ಜೈಪುರದ ನೀಲಿ ಪಾತ್ರೆಯಂತೂ ಇನ್ನೂ ಮೋಜಿನದು. ಅದರಲ್ಲಿ ಕುಂಬಾರನ ಜೇಡಿಮಣ್ಣೇ ಇರುವುದಿಲ್ಲ. ಬೆಣಚುಕಲ್ಲಿನ ಪುಡಿ, ಗಾಜಿನ ಪುಡಿ, ಅಂಟು, ಜೊತೆಗೆ ಒಂದಿಷ್ಟು ಮುಲ್ತಾನಿ ಮಿಟ್ಟಿ. ಮಿಕ್ಕಿದ ಮುಲ್ತಾನಿ ಮಿಟ್ಟಿಯನ್ನು ಮುಖಕ್ಕೆ ಹಚ್ಚಿಕೊಂಡು ಕೂರಬಹುದಲ್ಲ ಎಂದು ನನ್ನ ನಾದಿನಿ ಅಂಗಡಿಯವನನ್ನೇ ಕೇಳಿದ್ದಳು.

ಆದರೆ ಮೇಳ ನೋಡುವ ಕಲೆಯಲ್ಲಿ ನನ್ನ ಗುರು ನಮ್ಮತ್ತೆ. ತಿಪಟೂರು ಸೀಮೆಯವರು. ಅವರು ಯಾವ ಮಡಕೆಯನ್ನೂ ಮೊದಲು ಕಣ್ಣಿನಿಂದ ನೋಡುವುದಿಲ್ಲ. ಎಡಗೈಯ ಅಂಗೈ ಮೇಲೆ ಕೂರಿಸಿಕೊಂಡು, ಬಲಗೈಯ ನಡುಬೆರಳನ್ನು ಮಡಿಸಿ, ಗೆಣ್ಣಿನಿಂದ ಹೊಟ್ಟೆಯ ಮೇಲೆ ಒಮ್ಮೆ ತಟ್ಟುತ್ತಾರೆ. "ಠಣ್" ಎಂದರೆ ಮಾತು ಮುಂದುವರಿಯುತ್ತದೆ. "ದಬ್" ಎಂದರೆ ಅಲ್ಲಿಗೇ ಮುಗಿಯಿತು, ಅದರ ಬಣ್ಣ ಎಷ್ಟೇ ಚೆಂದವಿರಲಿ. ಸಂತೆಯಲ್ಲಿ ಕುಂಬಾರನೂ ಇದಕ್ಕೆ ಕಾದೇ ಇರುತ್ತಾನೆ. ಗಿರಾಕಿ ತಟ್ಟದೆ ಕೊಂಡರೆ ಅವನಿಗೇ ಅನುಮಾನ ಬರುತ್ತದೆ. ಇದರ ಹಿಂದಿನ ಲೆಕ್ಕ ಸರಳ. ಚೆನ್ನಾಗಿ ಬೆಂದ ಮಡಕೆಯ ಗೋಡೆಯೆಲ್ಲ ಒಟ್ಟಿಗೆ ಕಂಪಿಸಿ ನಾದ ಕೊಡುತ್ತದೆ. ಎಲ್ಲಾದರೂ ಕೂದಲೆಳೆಯ ಬಿರುಕಿದ್ದರೆ ಅದರ ಎರಡು ಅಂಚು ಒಂದಕ್ಕೊಂದು ಉಜ್ಜಿ ಆ ಕಂಪನವನ್ನು ನುಂಗಿಹಾಕುತ್ತವೆ. ಸರಿಯಾಗಿ ಬೇಯದ ಮಣ್ಣಿಗಂತೂ ಕಂಪಿಸುವ ಬಿಗಿಯೇ ಇರುವುದಿಲ್ಲ. ಕಣ್ಣಿಗೆ ಕಾಣದ ಬಿರುಕು ಗೆಣ್ಣಿಗೆ ಸಿಗುತ್ತದೆ.

ಅತ್ತೆಯನ್ನು ಒಮ್ಮೆ ನಗರದ ಸ್ಟುಡಿಯೋ ಕುಂಬಾರರ ಮೇಳಕ್ಕೆ ಕರೆದುಕೊಂಡು ಹೋಗಿದ್ದೆ. ಮರದ ಮೇಜುಗಳು, ಲಿನನ್ ಬಟ್ಟೆ, ಬೆಳಕು ಬಿಟ್ಟೂ ಬಿಡದ ಹಾಗೆ ತೂಗುಹಾಕಿದ ದೀಪಗಳು. ಏಪ್ರನ್ ತೊಟ್ಟ ಹುಡುಗಿಯೊಬ್ಬಳು ಬೂದು ನೀಲಿ ಬಣ್ಣದ ಬಟ್ಟಲುಗಳನ್ನು ಜೋಡಿಸಿಟ್ಟುಕೊಂಡು ಕೂತಿದ್ದಳು. ಅತ್ತೆ ಒಂದನ್ನೆತ್ತಿ, ಅಂಗೈ ಮೇಲೆ ಕೂರಿಸಿ, ಎಲ್ಲರೂ ತಿರುಗಿ ನೋಡುವ ಹಾಗೆ ತಟ್ಟಿದರು. ಠಣ್.

"ಚೆನ್ನಾಗಿ ಬೆಂದದೆ ಕಣಮ್ಮ. ಎಷ್ಟು?"

"ಸಾವಿರದ ಎಂಟುನೂರು ಅಜ್ಜಿ. ಇದು ಸ್ಟೋನ್‌ವೇರು."

ಅತ್ತೆ ಬಟ್ಟಲನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚು ನೋಡಿದರು. "ಬಾಯಿ ಸೊಟ್ಟಗಿದ್ಯಲ್ಲವ್ವ?"

"ಅದು ಬೇಕಂತಲೇ ಹಾಗೆ ಮಾಡಿರೋದು ಅಜ್ಜಿ."

"ಬೇಕಂತ ಸೊಟ್ಟ ಮಾಡಿದ್ರೆ ದುಡ್ಡು ಜಾಸ್ತಿನೋ, ಕಮ್ಮಿನೋ?"

ಹುಡುಗಿ ನಕ್ಕುಬಿಟ್ಟಳು. ಕಾಲೇಜಿನಲ್ಲಿ ಈ ಪ್ರಶ್ನೆಗೆ ಒಂದು ಸೆಮಿಸ್ಟರ್ ಪೂರ್ತಿ ತಗೊಂಡಿದ್ದೆವು ಅಜ್ಜಿ ಎಂದಳು. ನಿಜಕ್ಕೂ ಅತ್ತೆಯ ಪ್ರಶ್ನೆ ಹಳೆಯದು. ಹದಿನಾರನೇ ಶತಮಾನದ ಜಪಾನಿನಲ್ಲಿ ಸೆನ್ ನೊ ರಿಕ್ಯು ಎಂಬ ಚಹಾ ಗುರು, ಚೀನಾದ ನುಣುಪು ಬಟ್ಟಲುಗಳನ್ನು ಪಕ್ಕಕ್ಕಿಟ್ಟು, ಚೋಜಿರೊ ಎಂಬ ಕುಶಲಕರ್ಮಿ ತಿಗರಿಯಿಲ್ಲದೆ ಕೈಯಲ್ಲೇ ತಿದ್ದಿ ಮಾಡಿದ ಬಟ್ಟಲುಗಳಲ್ಲಿ ಚಹಾ ಕೊಟ್ಟ. ರಾಕು ಎಂಬ ಮನೆತನದ ಕುಂಬಾರಿಕೆ ಅಲ್ಲಿಂದ ಶುರುವಾಯಿತು. ಅಂದಿನಿಂದ ಇಂದಿನವರೆಗೂ ಸೊಟ್ಟ ಬಾಯಿಗೆ ದುಡ್ಡು ಜಾಸ್ತಿಯೇ. ಶರತ್ತು ಒಂದೇ: ಸೊಟ್ಟ ಮಾಡಿದವರಿಗೆ ನೆಟ್ಟಗೆ ಮಾಡಲೂ ಬರಬೇಕು.

ಬೆಲೆಯ ವಿಷಯಕ್ಕೆ ಬಂದರೆ, ಆ ಹುಡುಗಿ ಕೊಟ್ಟ ವಿವರಣೆ ಕೇಳಿದ ಮೇಲೆ ನನಗೆ ಚೌಕಾಸಿಯ ಬಾಯೇ ಕಟ್ಟಿಹೋಯಿತು. ನಮ್ಮ ಹಳ್ಳಿಯ ಆವಿಗೆಯಲ್ಲಿ ಮಡಕೆ 700ರಿಂದ 900 ಡಿಗ್ರಿ ಬಿಸಿ ಕಂಡರೆ ಸಾಕು. ಅದರ ಮೈಯಲ್ಲಿ ಸಣ್ಣ ರಂಧ್ರಗಳು ಉಳಿದುಕೊಳ್ಳುತ್ತವೆ, ನೀರು ಜಿನುಗಿ ಆವಿಯಾಗಿ ಒಳಗಿನದು ತಣ್ಣಗಾಗುತ್ತದೆ. ಸ್ಟೋನ್‌ವೇರ್ 1200 ಡಿಗ್ರಿ ದಾಟಬೇಕು. ಅಷ್ಟು ಬಿಸಿಗೆ ಮಣ್ಣು ಅರ್ಧ ಗಾಜಾಗಿ, ರಂಧ್ರಗಳೆಲ್ಲ ಮುಚ್ಚಿ, ಬಟ್ಟಲು ಹಸಿಯಿದ್ದಾಗಿನ ಗಾತ್ರಕ್ಕಿಂತ ಹೆಚ್ಚು ಕಡಿಮೆ ಹತ್ತನೇ ಒಂದು ಪಾಲು ಕುಗ್ಗಿರುತ್ತದೆ. ಒಳಗೆ ಒದ್ದೆ ಉಳಿದಿದ್ದರೆ ಬೆಂಕಿಯಲ್ಲೇ ಸಿಡಿಯುತ್ತದೆ, ಜೊತೆಗೆ ಅಕ್ಕಪಕ್ಕದ ನಾಲ್ಕನ್ನೂ ಕರೆದುಕೊಂಡು ಹೋಗುತ್ತದೆ. ಮೊದಲು ಒಂದು ಸಲ ಸುಟ್ಟು, ಗ್ಲೇಜ್ ಬಳಿದು, ಮತ್ತೊಮ್ಮೆ ಸುಡಬೇಕು. ಬಳಿಯುವಾಗ ಗ್ಲೇಜ್ ಸುಣ್ಣದ ನೀರಿನ ಬಣ್ಣದಲ್ಲಿರುತ್ತದೆ. ನೀಲಿಯೋ ಹಸಿರೋ ಎಂದು ನಂಬಿಕೆಯ ಮೇಲೆ ಬಳಿಯಬೇಕು. ತಾಮ್ರ ಹಾಕಿದರೆ, ಕಿಲ್ನ್ ಒಳಗೆ ಗಾಳಿ ಧಾರಾಳವಾಗಿದ್ದಲ್ಲಿ ಹಸಿರು, ಗಾಳಿ ಕಡಿಮೆ ಮಾಡಿ ಹೊಗೆಯಾಡಿಸಿದರೆ ರಕ್ತಗೆಂಪು. "ಬಾಗಿಲು ತೆಗೆಯೋವರೆಗೂ ನಮಗೂ ಗೊತ್ತಿರಲ್ಲ ಆಂಟಿ" ಎಂದಳು ಹುಡುಗಿ. ನನ್ನನ್ನು ಆಂಟಿ ಎಂದಳು, ಅತ್ತೆಯನ್ನು ಅಜ್ಜಿ ಎಂದಳು. ಬೆಲೆ ಇಳಿಸದಿರಲು ಇಷ್ಟು ಸಂಬಂಧ ಸಾಕಾಗುತ್ತದೆ.

ಅವಳೇ ನನಗೆ ಇನ್ನೊಂದು ಪಾಠ ಹೇಳಿದಳು. ತಟ್ಟಿ ನೋಡುವವರು ಮನೆಯಿಂದ ಬಂದವರು, ತಲೆಕೆಳಗು ಮಾಡಿ ನೋಡುವವರು ಕುಂಬಾರರು. ಮೇಳದಲ್ಲಿ ಯಾರಾದರೂ ಕಪ್ಪನ್ನು ಎತ್ತಿದ ತಕ್ಷಣ ಬುಡ ಮೇಲೆ ಮಾಡಿದರೆ ಅವರ ಉಗುರಿನ ಸಂದಿಯಲ್ಲಿ ಮಣ್ಣಿದೆ ಎಂದೇ ಲೆಕ್ಕ. ನಾನೂ ಆ ಬಟ್ಟಲನ್ನು ಬೋರಲು ಹಾಕಿ ನೋಡಿದೆ. ಬುಡದಲ್ಲಿ ಉಂಗುರದಾಕಾರದ ಒಂದು ಪಟ್ಟಿ, ಅಲ್ಲಿ ಗ್ಲೇಜ್ ಇಲ್ಲ, ಬರಿಯ ಮಣ್ಣು. ಬೆರಳಿಗೆ ಮರಳು ಮರಳಾಗಿ ಹತ್ತುತ್ತದೆ. ಮೇಲಿನಿಂದ ಇಳಿದು ಬಂದ ನೀಲಿ ಹನಿಯೊಂದು ಆ ಪಟ್ಟಿಗೆ ಅಕ್ಕಿಕಾಳಿನಷ್ಟು ದೂರದಲ್ಲಿ ದಪ್ಪಗೆ ನಿಂತುಬಿಟ್ಟಿತ್ತು. ಇನ್ನೊಂದಿಷ್ಟು ಇಳಿದಿದ್ದರೆ ಕರಗಿದ ಗಾಜು ಕಿಲ್ನ್‌ನ ಹಲಗೆಗೆ ಅಂಟಿಕೊಂಡು ಬಟ್ಟಲೂ ಹೋಗುತ್ತಿತ್ತು, ಹಲಗೆಯೂ ಹೋಗುತ್ತಿತ್ತು. ಒಳಗೆ ಕುಂಬಾರಳ ಕೈಬೆರಳು ತಿರುಗುತ್ತ ಬಿಟ್ಟ ಸುಳಿ. ಪಕ್ಕದಲ್ಲಿ ಮುದ್ರೆ ಒತ್ತಿದ ಅವಳ ಹೆಸರಿನ ಮೊದಲ ಅಕ್ಷರ.

ಆ ಅಕ್ಷರ ನೋಡಿದಾಗ ಪಾಟರಿ ಟೌನ್ ನೆನಪಾಯಿತು. ಅದೇ ಬೆಂಗಳೂರಿನ ದಂಡು ಪ್ರದೇಶದಲ್ಲಿ, ಬೆನ್ಸನ್ ಟೌನಿಗೆ ಅಂಟಿಕೊಂಡ ಓಣಿಗಳಲ್ಲಿ, ಕುಂಬಾರರ ಮನೆಗಳಿವೆ. ಗೌರಿ ಹಬ್ಬದ ಮುಂಚೆ ಗಣಪತಿ, ದೀಪಾವಳಿಯ ಮುಂಚೆ ಹಣತೆ, ಬೇಸಿಗೆಯಲ್ಲಿ ನಲ್ಲಿಯಿಟ್ಟ ಹೂಜಿ. ಊರಿನ ಕೆರೆಗಳು ಬಡಾವಣೆಗಳಾದ ಮೇಲೆ ಮಣ್ಣನ್ನು ಹೊರಗಿನಿಂದ ಲಾರಿಯಲ್ಲಿ ತರಿಸುತ್ತಾರೆ. ಅಲ್ಲಿನ ಹಣತೆಯ ಬುಡದಲ್ಲಿ ಯಾರ ಅಕ್ಷರವೂ ಇರುವುದಿಲ್ಲ. ಬೆಲೆಯ ಅಂತರ ಇರುವುದು ಮಣ್ಣಿನಲ್ಲೋ, ಬಿಸಿಯಲ್ಲೋ, ಅಕ್ಷರದಲ್ಲೋ ಎಂದು ನಮ್ಮನೆಯವರು ಕೇಳಿದರು. ಅದಕ್ಕೆ ಜಪಾನಿನ ಶೋಜಿ ಹಮಾದ ಒಂದು ವಿಚಿತ್ರ ಉತ್ತರ ಕೊಟ್ಟುಹೋಗಿದ್ದಾರೆ. ಹೆಸರಿಲ್ಲದ ಹಳ್ಳಿಯ ಕುಂಬಾರರೇ ತನ್ನ ಆದರ್ಶ ಎಂದು ನಂಬಿದ್ದ ಅವರು ಪಾತ್ರೆಗಳಿಗೆ ಸಹಿ ಹಾಕುವುದನ್ನೇ ಬಿಟ್ಟರು. ಪರಿಣಾಮವಾಗಿ ಸಹಿಯಿಲ್ಲದ ಹಮಾದ ಪಾತ್ರೆಗೆ ಬೆಲೆ ಗಗನಕ್ಕೇರಿತು, 1955ರಲ್ಲಿ ಸರ್ಕಾರ ಅವರನ್ನು ದೇಶದ ಜೀವಂತ ಸಂಪತ್ತು ಎಂದು ಘೋಷಿಸಿತು. ಅವರು ನೆಲೆಸಿದ್ದ ಮಾಶಿಕೊ ಎಂಬ ಪುಟ್ಟ ಊರಿನಲ್ಲಿ 1966ರಿಂದ ವರ್ಷಕ್ಕೆರಡು ಸಲ, ವಸಂತದಲ್ಲೊಮ್ಮೆ ಶರತ್ತಿನಲ್ಲೊಮ್ಮೆ, ಕುಂಬಾರಿಕೆಯ ದೊಡ್ಡ ಸಂತೆ ನಡೆಯುತ್ತದೆ. ಹೆಸರು ಬೇಡ ಎಂದವರ ಹೆಸರಿನಿಂದಲೇ ಊರಿಗೆ ಊರೇ ಅನ್ನ ತಿನ್ನುತ್ತಿದೆ.

ತಟ್ಟುವ ವಿಷಯಕ್ಕೆ ಮರಳಿದರೆ, ಅದಕ್ಕೆ ನಮ್ಮಲ್ಲಿ ದೈವದ ಒಪ್ಪಿಗೆಯೇ ಇದೆ. ಹರಿಹರ ಕವಿಯ ರಗಳೆಯಲ್ಲಿ ಬರುವ ಕುಂಬಾರ ಗುಂಡಯ್ಯ, ಇಂದಿನ ಬೀದರ್ ಜಿಲ್ಲೆಯ ಭಾಲ್ಕಿಯವನು. ಮಡಕೆ ಮಾಡಿ, ತಟ್ಟಿ, ಆ ಸದ್ದಿನಲ್ಲೇ ಶಿವನನ್ನು ನೆನೆಯುತ್ತಿದ್ದವನು. ಶಿವ ಆ ನಾದಕ್ಕೆ ಮರುಳಾಗಿ ಬಂದು ಕುಣಿದ. ವೀಣೆಗಲ್ಲ, ಮೃದಂಗಕ್ಕಲ್ಲ, ಮಡಕೆಗೆ. ನಾಟ್ಯಕ್ಕೆ ಒಡೆಯನಾದವನೇ ಮಡಕೆಯ ಸದ್ದಿಗೆ ಒಲಿದಿರುವಾಗ ನಮ್ಮತ್ತೆ ತಟ್ಟಿದ್ದರಲ್ಲಿ ಏನು ತಪ್ಪು? ಕಛೇರಿಯ ಘಟಂ ಕೂಡ ಇದೇ ವಂಶದ್ದು. ತಮಿಳುನಾಡಿನ ಮಾನಾಮದುರೈಯ ದಪ್ಪ ಗೋಡೆಯ ಘಟಗಳಿಗೆ ವಿದ್ವಾಂಸರ ನಡುವೆ ದೊಡ್ಡ ಹೆಸರು. ಬೆಂಗಳೂರಿನ ವಿದುಷಿ ಸುಕನ್ಯಾ ರಾಮಗೋಪಾಲ್ ಬೇರೆ ಬೇರೆ ಶ್ರುತಿಯ ಘಟಗಳನ್ನು ಸುತ್ತಲೂ ಜೋಡಿಸಿಕೊಂಡು ಘಟತರಂಗ ನುಡಿಸುತ್ತಾರೆ. ಅದನ್ನು ಟೀವಿಯಲ್ಲಿ ನೋಡಿ ಅತ್ತೆ, "ಇವಮ್ಮ ಸಂತೆಗೆ ಬಂದ್ರೆ ಕುಂಬಾರಂಗೆ ಕಷ್ಟ" ಎಂದು ತೀರ್ಪು ಕೊಟ್ಟರು.

ಈ ಬೆರಳುಗಳಿಗೆ ಸಂಕೋಲೆ ಬೀಳುವುದು ಕಲಾ ಉತ್ಸವಗಳಲ್ಲಿ. ಮಣ್ಣು ಅಲ್ಲಿ ಮಡಕೆಯಾಗುವುದನ್ನು ಬಿಟ್ಟು ಕಲಾಕೃತಿಯಾಗಿರುತ್ತದೆ, ಪಕ್ಕದಲ್ಲೇ "ದಯವಿಟ್ಟು ಮುಟ್ಟಬೇಡಿ" ಎಂಬ ಫಲಕ. ಇದೀಗ ನಮ್ಮ ದೇಶದಲ್ಲೂ ಮಣ್ಣಿಗೆಂದೇ ಉತ್ಸವಗಳಿವೆ. ಇಂಡಿಯನ್ ಸೆರಾಮಿಕ್ಸ್ ಟ್ರಯೆನಾಲೆ 2018ರಲ್ಲಿ ಜೈಪುರದ ಜವಾಹರ ಕಲಾ ಕೇಂದ್ರದಲ್ಲಿ ಮೊದಲು ನಡೆಯಿತು, ಎರಡನೆಯದು 2024ರಲ್ಲಿ ದೆಹಲಿಯಲ್ಲಿ. ಪುದುಚೇರಿಯಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ 1971ರಲ್ಲಿ ಶುರು ಮಾಡಿದ ಗೋಲ್ಡನ್ ಬ್ರಿಡ್ಜ್ ಪಾಟರಿಯಲ್ಲಿ ಕಲಿತವರು, ಅವರಿಂದ ಕಲಿತವರು, ಹೀಗೆ ಈಗ ಒಂದು ದೊಡ್ಡ ಬಳಗವೇ ಬೆಳೆದಿದೆ. 2012ರಲ್ಲಿ ಮೊದಲ ಕೊಚ್ಚಿ ಮುಜಿರಿಸ್ ಬಿಯೆನಾಲೆಯಲ್ಲಿ ವಿವಾನ್ ಸುಂದರಂ, ಪಟ್ಟಣಂ ಉತ್ಖನನದಲ್ಲಿ ಸಿಕ್ಕ ಹಳೆಯ ಮಡಕೆ ಚೂರುಗಳನ್ನು ನೆಲದ ಮೇಲೆ ಹರಡಿ ಒಂದು ನಗರವನ್ನೇ ಕಟ್ಟಿದ್ದರು. ಅದೇ ಉತ್ಸವದಲ್ಲಿ ನಮ್ಮ ಕರಾವಳಿಯ ಎಲ್. ಎನ್. ತಲ್ಲೂರು ಮಂಗಳೂರು ಹೆಂಚಿನ ಸೂರು ಇಳಿಸಿ, ಅದರ ಮೇಲೆ ಹಠಯೋಗದ ಭಂಗಿಯಲ್ಲಿ ಪುಟ್ಟ ಗೊಂಬೆಗಳನ್ನು ಕೂರಿಸಿದ್ದರು. ಕುಂಟೆಬಿಲ್ಲೆಗೆ ಬೋಕಿ ಹುಡುಕಿಕೊಂಡು ಅಲೆದ ನನ್ನ ತಲೆಮಾರಿನವರಿಗೆ ಅಷ್ಟೊಂದು ಬೋಕಿ ಒಂದೇ ಕಡೆ ಬಿದ್ದಿರುವುದನ್ನು ಕಂಡು ಕೈ ಕಟ್ಟಿಕೊಂಡು ನಿಲ್ಲುವುದು ಸುಲಭವಲ್ಲ.

ಮುಟ್ಟಬೇಡಿ ಎಂಬ ನಿಯಮದ ಪೇಚು ನಮ್ಮೂರಿಗಷ್ಟೇ ಸೀಮಿತವಲ್ಲ. ಚೀನಾದ ಐ ವೈವೈ 2010ರ ಅಕ್ಟೋಬರಿನಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ಹತ್ತು ಕೋಟಿ ಸೂರ್ಯಕಾಂತಿ ಬೀಜ ಸುರಿದ. ಎಲ್ಲವೂ ಪಿಂಗಾಣಿ, ಎಲ್ಲವೂ ಜಿಂಗ್‌ಡೆಝೆನ್ ಎಂಬ ಕುಂಬಾರಿಕೆಯ ಊರಿನಲ್ಲಿ ಸಾವಿರದ ಆರುನೂರು ಜನ ಕೂತು ಕೈಯಲ್ಲಿ ಬಣ್ಣ ಬರೆದವು. ಜನ ಅವುಗಳ ಮೇಲೆ ನಡೆಯಲಿ, ಹೊರಳಾಡಲಿ ಎಂಬುದೇ ಉದ್ದೇಶ. ಆದರೆ ಕಾಲ್ತುಳಿತಕ್ಕೆ ಎದ್ದ ಪಿಂಗಾಣಿ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ ಎಂದು ಕೆಲವೇ ದಿನಗಳಲ್ಲಿ ಹಗ್ಗ ಕಟ್ಟಿಬಿಟ್ಟರು. ಇದೇ ಐ ವೈವೈ 1995ರಲ್ಲಿ ಎರಡು ಸಾವಿರ ವರ್ಷದ ಹಾನ್ ಕಾಲದ ಕೊಡವೊಂದನ್ನು ಕೈಬಿಟ್ಟು ಚೂರು ಮಾಡಿ, ಅದರ ಮೂರು ಫೋಟೊಗಳನ್ನು ಕಲಾಕೃತಿ ಎಂದು ತೂಗುಹಾಕಿದ್ದ. 2014ರಲ್ಲಿ ಮಯಾಮಿಯ ಒಂದು ಮ್ಯೂಸಿಯಮ್ಮಿನಲ್ಲಿ ಆ ಫೋಟೊಗಳ ಮುಂದೆ ಅವನ ಬಣ್ಣ ಬಳಿದ ಕೊಡಗಳಿದ್ದವು. ನೋಡಲು ಬಂದ ಸ್ಥಳೀಯ ಕಲಾವಿದನೊಬ್ಬ ಒಂದನ್ನೆತ್ತಿ ಹಾಗೆಯೇ ಕೈಬಿಟ್ಟ. ಪೊಲೀಸರು ಬಂದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದ ನಮ್ಮ ಹಿರಿಯರು ದೊಣ್ಣೆ ಹಿಡಿದವನು ಪ್ರಸಿದ್ಧನಾಗಿರಬೇಕೆ, ಅಪ್ರಸಿದ್ಧನಾಗಿರಬೇಕೆ ಎಂಬುದನ್ನು ಹೇಳಿಹೋಗಲಿಲ್ಲ.

ಮಗ ಮ್ಯೂನಿಕ್‌ನಲ್ಲಿರುವುದರಿಂದ ಡೀಸೆನ್ ಎಂಬಲ್ಲಿನ ಕುಂಬಾರರ ಮಾರುಕಟ್ಟೆ ನೋಡುವ ಯೋಗವೂ ಕೂಡಿಬಂತು. ಕ್ರಿಸ್ತನ ಸ್ವರ್ಗಾರೋಹಣದ ರಜೆಯ ಸುತ್ತಮುತ್ತ ಆಮ್ಮರ್‌ಸೇ ಸರೋವರದ ದಂಡೆಯಲ್ಲಿ ಅದು ನಡೆಯುತ್ತದೆ. ರೈಲಿನಲ್ಲಿ ಹೆರ್ಶಿಂಗ್ ತನಕ ಹೋಗಿ, ಅಲ್ಲಿಂದ ಹಡಗಿನಲ್ಲಿ ಆಚೆ ದಡಕ್ಕೆ ದಾಟಿದರೆ ಎದುರಿಗೇ ಡೇರೆಗಳ ಸಾಲು, ಯುರೋಪಿನ ನಾನಾ ದೇಶಗಳ ಕುಂಬಾರರು. ಗಿರಾಕಿಗಳು ಬೆತ್ತದ ಬುಟ್ಟಿ ಹಿಡಿದು ಸದ್ದಿಲ್ಲದೆ ಓಡಾಡುತ್ತಾರೆ. ಚೌಕಾಸಿ ಎಂಬುದಿಲ್ಲ. ಇಷ್ಟು ಶಿಸ್ತಿನ ನಡುವೆ ಮಣ್ಣಿನ ಜಾಡಿಯೊಂದನ್ನು ಎತ್ತಿಕೊಂಡೆ ನೋಡಿ, ನನ್ನ ನಡುಬೆರಳು ತಾನಾಗಿ ಮಡಿಸಿಕೊಂಡು ಠಣ್ ಅನ್ನಿಸಿಬಿಟ್ಟಿತು. "ಅಮ್ಮ!" ಎಂದು ಮಗ ಹಲ್ಲು ಕಚ್ಚಿದ. ಮೇಜಿನ ಆಚೆ ಕೂತಿದ್ದ ಬಿಳಿ ಗಡ್ಡದ ಕುಂಬಾರ ಎದ್ದು ಬಂದ. ಬಂದವನು ಜಾಡಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಕಿವಿಯ ಹತ್ತಿರ ಹಿಡಿದು ತಾನೂ ತಟ್ಟಿದ, ಹಿಂದಿನಿಂದ ಇನ್ನೊಂದನ್ನು ತಂದು ತಟ್ಟಿದ, ಎರಡನೆಯದೇ ವಾಸಿ ಎಂದು ಹುಬ್ಬಿನಲ್ಲೇ ಹೇಳಿದ. ಅವನಿಗೆ ಕನ್ನಡ ಬಾರದು, ನನಗೆ ಜರ್ಮನ್ ಬಾರದು. ವ್ಯವಹಾರಕ್ಕೆ ಅದರಿಂದ ಏನೂ ತೊಂದರೆಯಾಗಲಿಲ್ಲ. ಅಷ್ಟಕ್ಕೂ ನಮ್ಮ ತಲೆಯ ಮೇಲಿನ ಸೂರಿಗೆ ಜರ್ಮನ್ ಕೈ ತಗುಲಿರುವುದು ಹೊಸದೇನಲ್ಲ. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿ ದಂಡೆಯ ಜೇಡಿಮಣ್ಣು ಪರೀಕ್ಷಿಸಿ, ಹೆಂಚಿನ ಕಾರ್ಖಾನೆ ಹಾಕಿದ್ದನಲ್ಲ. ಅವನೂ ಮೊದಲ ಹೆಂಚು ಬೆಂದು ಹೊರಬಂದಾಗ ತಟ್ಟಿಯೇ ನೋಡಿರುತ್ತಾನೆ ಎಂದು ಮಗನಿಗೆ ಹೇಳಿದೆ. ಅವನು ಹಡಗಿನ ವೇಳಾಪಟ್ಟಿ ನೋಡುತ್ತಿದ್ದ.

ಇಷ್ಟೆಲ್ಲ ಸುತ್ತಿದ ಮೇಲೆ ನನಗೆ ಅನ್ನಿಸಿರುವುದು ಇಷ್ಟೇ. ಮಣ್ಣಿನ ಪಾತ್ರೆ ಪೂರ್ತಿಯಾಗುವುದು ಇನ್ನೊಬ್ಬರ ಕೈಗೆ ಬಂದಾಗ. ಕಪ್ಪಿನ ಹಿಡಿಗೆ ಎಷ್ಟು ಬೆರಳು ಹಿಡಿಸುತ್ತದೆ, ಅಂಚು ತುಟಿಗೆ ತೆಳುವೋ ದಪ್ಪವೋ, ತುಂಬಿದಾಗ ಭಾರ ಎತ್ತ ವಾಲುತ್ತದೆ, ಇವೆಲ್ಲ ಗಾಜಿನ ಪೆಟ್ಟಿಗೆಯ ಆಚೆಯಿಂದ ತಿಳಿಯುವ ಸಂಗತಿಗಳಲ್ಲ. ಉತ್ಸವಗಳನ್ನು ನಾನು ಬಿಡುವುದಿಲ್ಲ, ಮಣ್ಣಿನಿಂದ ಏನೇನು ಸಾಧ್ಯ ಎಂದು ಅಲ್ಲೇ ಗೊತ್ತಾಗುವುದು. ಆದರೆ ಮನೆಗೆ ಒಯ್ಯುವುದು ಮಾತ್ರ ಕೈ ಚಾಚಿ ಕೊಡುವವರಿರುವ ಮೇಜಿನಿಂದ. ಒಯ್ದದ್ದನ್ನು ಇಡುವುದೆಲ್ಲಿ ಎಂಬುದು ಬೇರೆ ಮಾತು. ನಮ್ಮನೆಯ ಶೋಕೇಸು ತುಂಬಿ, ಅಡುಗೆಮನೆಯ ಮೇಲಟ್ಟ ತುಂಬಿ, ಈಗ ದೇವರಮನೆಯ ಕೆಳಗಿನ ಗೂಡಿಗೂ ಬಟ್ಟಲುಗಳು ನುಗ್ಗಿವೆ. ಹೊಸದೊಂದು ಬಂದರೆ ಹಳೆಯದೊಂದು ಹೋಗಬೇಕು ಎಂದು ನಮ್ಮನೆಯವರು ಕಾನೂನು ಮಾಡಿದ್ದಾರೆ. ಬಂದ ನೆಂಟರಿಗೆ ಅರಿಸಿನ ಕುಂಕುಮದ ಜೊತೆ ಒಂದೊಂದು ಬಟ್ಟಲು ಕೊಟ್ಟು ಕಾನೂನು ಪಾಲಿಸುತ್ತಿದ್ದೇನೆ.

ಮೇಳಕ್ಕೆ ಹೋಗುವವರಿಗೆ ನನ್ನದೊಂದು ಸಲಹೆ. ಮೊದಲ ದಿನ ಬೆಳಿಗ್ಗೆ ಹೋದರೆ ಒಳ್ಳೆಯ ಮಾಲು ಸಿಗುತ್ತದೆ, ಕೊನೆಯ ದಿನ ಸಂಜೆ ಹೋದರೆ ಒಳ್ಳೆಯ ನೋಟ ಸಿಗುತ್ತದೆ. ದಿನವಿಡೀ "ಮೈಕ್ರೋವೇವ್‌ಗೆ ಆಗತ್ತಾ?", "ಒಂದು ತಗೊಂಡ್ರೆ ಒಂದು ಫ್ರೀನಾ?" ಎಂಬ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಸುಸ್ತಾದ ಕುಂಬಾರರು ಆಗ ಮಾರಾಟ ನಿಲ್ಲಿಸಿ, ಒಬ್ಬರ ಮೇಜಿಗೆ ಇನ್ನೊಬ್ಬರು ಹೋಗುತ್ತಾರೆ. ಕಪ್ಪು ಎತ್ತುತ್ತಾರೆ, ಬುಡ ನೋಡುತ್ತಾರೆ, ತಮ್ಮದೊಂದನ್ನು ಕೊಟ್ಟು ಅವರದೊಂದನ್ನು ತರುತ್ತಾರೆ. ಬೆಲೆಯ ಮಾತೇ ಬರುವುದಿಲ್ಲ. ಕುಂಬಾರರ ಮನೆಯಲ್ಲಿ ಅವರೇ ಮಾಡಿದ ಕಪ್ಪು ಕಡಿಮೆ, ಬೇರೆಯವರದೇ ಹೆಚ್ಚು ಎಂದು ಆ ಏಪ್ರನ್ನಿನ ಹುಡುಗಿ ಹೇಳಿದ್ದಳು. ಈಚೆಗೆ ನಾನೂ ಅಂಥದೊಂದು ಸಂಜೆ ಡಬ್ಬಿ ತುಂಬ ಕೋಡುಬಳೆ ಹಿಡಿದುಕೊಂಡು ಹೋದೆ. ಅದೂ ನಾದಿದ್ದೇ, ಕೈಯಲ್ಲಿ ಹೊಸೆದು ಉಂಗುರ ಮಾಡಿದ್ದೇ, ಹದವಾದ ಉರಿಯಲ್ಲಿ ಬೆಂದದ್ದೇ. ಉರಿ ಹೆಚ್ಚಾದರೆ ಹೊರಗೆ ಕರಿ, ಒಳಗೆ ಹಸಿ. ಹುಡುಗಿ ಒಂದನ್ನು ತೆಗೆದು, ನನ್ನ ಮುಖ ನೋಡುತ್ತ, ಲಟಕ್ಕನೆ ಮುರಿದಳು. ಸದ್ದು ಒಪ್ಪಿತವಾಯಿತು. ಉಪ್ಪಿಗೆಂದು ಸೊಟ್ಟ ಬಾಯಿಯ ಒಂದು ಪುಟ್ಟ ಬಟ್ಟಲು ಕೊಟ್ಟು, ಡಬ್ಬಿಯನ್ನು ವಾಪಸ್ಸು ಕೊಡದೆ ಇಟ್ಟುಕೊಂಡಳು.